ಕೂಗಿನಿಂದ ಮರಿಯವರೆಗೆ: ಕಪ್ಪೆಗಳ ಸಂತಾನದ ಕುರಿತು ಒಂದು ಸಂವಾದ

ಕಪ್ಪೆಗಳ ಸಂತಾನೋತ್ಪತ್ತಿಯನ್ನು ಪಠ್ಯಪುಸ್ತಕಗಳು ಬಹುಮಟ್ಟಿಗೆ ಒಂದೇ ಚಕ್ರವಾಗಿ ಚಿತ್ರಿಸುತ್ತ ಬಂದಿವೆ: ನೀರಿನಲ್ಲಿ ಮೊಟ್ಟೆ, ಮೊಟ್ಟೆಯಿಂದ ಗೊದಮೊಟ್ಟೆ, ಗೊದಮೊಟ್ಟೆಯಿಂದ ಕಾಲು ಮೂಡಿದ ಮರಿ, ಮರಿಯಿಂದ ಬೆಳೆದ ಕಪ್ಪೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಈಚೆಗೆ ನಡೆದ ಅಧ್ಯಯನಗಳು ಈ ಚಕ್ರಕ್ಕೆ ಒಗ್ಗದ ಹಲವು ಬಗೆಗಳನ್ನು ಬೆಳಕಿಗೆ ತಂದಿರುವುದರಿಂದ, ಹಳೆಯ ಚಿತ್ರವನ್ನು ಇನ್ನೂ ಸಾಮಾನ್ಯ ನಿಯಮವೆಂದು ಕಲಿಸಬೇಕೆ, ಮತ್ತು ಕಪ್ಪೆಗಳನ್ನು ಉಳಿಸುವ ಕೆಲಸ ಎಲ್ಲಿಂದ ಆರಂಭವಾಗಬೇಕು ಎಂಬ ಎರಡು ಪ್ರಶ್ನೆಗಳು ಒಟ್ಟಿಗೇ ಎದ್ದಿವೆ. ಈ ಸಂವಾದದಲ್ಲಿ ಹಿರಿಯರು ಬಹುಕಾಲ ಪ್ರಾಣಿಶಾಸ್ತ್ರವನ್ನು ಬೋಧಿಸಿದವರು. ಕಿರಿಯರು ಮಲೆನಾಡಿನ ತೊರೆಗಳ ಬದಿಯಲ್ಲಿ ಮಳೆಗಾಲದ ರಾತ್ರಿಗಳನ್ನು ಕಳೆಯುವ ಸಂಶೋಧಕರು.

ಹಿರಿಯರು: ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗುವುದು ಒಳ್ಳೆಯದು. ಕಪ್ಪೆಯ ಮೊಟ್ಟೆಗೆ ಕೋಳಿಮೊಟ್ಟೆಗಿರುವಂಥ ಗಟ್ಟಿ ಕವಚವಿಲ್ಲ, ಅದರ ಸುತ್ತ ಇರುವುದು ಬರೀ ಲೋಳೆ. ಆದ್ದರಿಂದ ತೇವವಿಲ್ಲದ ಕಡೆ ಅದು ಉಳಿಯಲಾರದು. ಬಹುತೇಕ ಜಾತಿಗಳಲ್ಲಿ ನಿಷೇಚನ, ಅಂದರೆ ಅಂಡವೂ ವೀರ್ಯಾಣುವೂ ಕೂಡುವ ಕ್ರಿಯೆ, ಹೆಣ್ಣಿನ ದೇಹದ ಹೊರಗೆ ನಡೆಯುತ್ತದೆ. ಗಂಡು ಹೆಣ್ಣಿನ ಬೆನ್ನೇರಿ ಮುಂಗಾಲುಗಳಿಂದ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಲಿಂಗನವೆಂದು ಕರೆಯಲಾಗುವ ಈ ಹಿಡಿತದಲ್ಲಿ ಹೆಣ್ಣು ಮೊಟ್ಟೆಯಿಟ್ಟ ಕ್ಷಣವೇ ಗಂಡು ಅದರ ಮೇಲೆ ವೀರ್ಯವನ್ನು ಬಿಡುತ್ತದೆ. ಇಟಲಿಯ ಸ್ಪಲ್ಲಂಜಾನಿ ಹದಿನೆಂಟನೆಯ ಶತಮಾನದಲ್ಲಿಯೇ ಗಂಡು ಕಪ್ಪೆಗಳಿಗೆ ಬಟ್ಟೆಯ ಚಡ್ಡಿ ತೊಡಿಸಿ, ವೀರ್ಯ ತಾಗದ ಮೊಟ್ಟೆಗಳು ಬೆಳೆಯುವುದಿಲ್ಲವೆಂದು ತೋರಿಸಿದ್ದ. ತಳಹದಿ ಇದು; ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಕಿರಿಯರು: ತಳಹದಿಯ ಬಗ್ಗೆ ತಕರಾರಿಲ್ಲ, ಆದರೆ ಅದರ ಮೇಲೆ ಒಂದೇ ಮನೆಯನ್ನು ಕಟ್ಟಿ ಊರೆಲ್ಲ ಹೀಗೆಯೇ ಇದೆ ಎಂದುಬಿಟ್ಟರೆ ಹೇಗೆ? ಆಲಿಂಗನವನ್ನೇ ತೆಗೆದುಕೊಳ್ಳಬಹುದು. 2016ರವರೆಗೆ ಕಪ್ಪೆಗಳಲ್ಲಿ ಆರು ಬಗೆಯ ಆಲಿಂಗನಗಳನ್ನು ಗುರುತಿಸಲಾಗಿತ್ತು. ಆ ವರ್ಷ ಮಹಾರಾಷ್ಟ್ರದ ಸಹ್ಯಾದ್ರಿಯ ಬಾಂಬೆ ರಾತ್ರಿಗಪ್ಪೆಯಲ್ಲಿ ಏಳನೆಯದು ವರದಿಯಾಯಿತು. ಅಲ್ಲಿ ಗಂಡು ಹೆಣ್ಣನ್ನು ಬಿಗಿಯಾಗಿ ಅಪ್ಪುವುದಿಲ್ಲ. ಎಲೆಯನ್ನೋ ಕೊಂಬೆಯನ್ನೋ ಹಿಡಿದುಕೊಂಡು ಹೆಣ್ಣಿನ ಬೆನ್ನ ಮೇಲೆ ಸವಾರಿ ಕೂತು, ವೀರ್ಯವನ್ನು ಬೆನ್ನಿನ ಮೇಲೆಯೇ ಬಿಟ್ಟು ಇಳಿದು ಹೋಗುತ್ತದೆ. ಹೆಣ್ಣು ಮೊಟ್ಟೆಯಿಡುವುದು ಅದಾದ ಮೇಲೆ. ಬೆನ್ನಿನಿಂದ ಜಾರಿ ಬರುವ ವೀರ್ಯದಿಂದ ಮೊಟ್ಟೆಗಳು ನಿಷೇಚನಗೊಳ್ಳುತ್ತವೆ. ಗಂಡು ಬೆನ್ನ ಮೇಲಿರುವಾಗಲೇ ಹೆಣ್ಣು ಮೊಟ್ಟೆಯಿಡುತ್ತದೆ ಎಂಬ ವಾಕ್ಯವೇ ಇಲ್ಲಿ ತಪ್ಪಾಯಿತಲ್ಲ?

ಹಿರಿಯರು: ಒಂದು ವಾಕ್ಯಕ್ಕೆ ತಿದ್ದುಪಡಿ ಬೇಕಾಯಿತು, ಅಷ್ಟೆ. ನಿಷೇಚನ ಅಲ್ಲಿಯೂ ದೇಹದ ಹೊರಗೇ ನಡೆಯಿತು, ಮೊಟ್ಟೆಗಳು ತೊರೆಯ ಮೇಲೆ ಬಾಗಿದ ಎಲೆಯ ಮೇಲೇ ಇದ್ದವು, ಒಡೆದು ಬಂದ ಗೊದಮೊಟ್ಟೆಗಳು ನೀರಿಗೇ ಬಿದ್ದವು. ವಿಶೇಷಗಳನ್ನು ಕಂಡು ಬೆರಗಾಗುವುದು ಸಹಜ. ಆದರೆ ವಿದ್ಯಾರ್ಥಿಯ ಮನೆಯ ಹಿಂದಿನ ಗುಂಡಿಯಲ್ಲಿ ನಡೆಯುವುದನ್ನು ಅವನಿಗೆ ತೋರಿಸದೆ, ಅವನು ಜನ್ಮದಲ್ಲಿ ಕಾಣದ ಕಪ್ಪೆಯ ವೈಚಿತ್ರ್ಯವನ್ನು ಹೇಳಿದರೆ ವಿಜ್ಞಾನ ಅವನಿಗೆ ಕಥೆಯಾಗಿಬಿಡುತ್ತದೆ. ಗುಂಡಿಯಲ್ಲಿ ನಡೆಯುವುದೇನು ಸಾಮಾನ್ಯವೇ? ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಗೋಂಕರುಕಪ್ಪೆಯ ಗಂಡುಗಳು ಹಳದಿ ಬಣ್ಣಕ್ಕೆ ತಿರುಗಿ, ಗಂಟಲಿನ ಎರಡೂ ಬದಿ ನೀಲಿ ಧ್ವನಿಚೀಲಗಳನ್ನು ಉಬ್ಬಿಸಿ ಕೂಗತೊಡಗುತ್ತವೆ. ಕೆಲವೇ ರಾತ್ರಿಗಳಲ್ಲಿ ಅವುಗಳ ವರ್ಷದ ಕೂಟವೆಲ್ಲ ಮುಗಿದು, ನಿನ್ನೆಯವರೆಗೆ ಒಣಗಿದ್ದ ತಗ್ಗಿನಲ್ಲಿ ಸಾವಿರಾರು ಮೊಟ್ಟೆಗಳು ತೇಲುತ್ತಿರುತ್ತವೆ.

ಕಿರಿಯರು: ಅಷ್ಟು ಅವಸರವೇಕೆ ಎಂಬುದನ್ನೂ ವಿದ್ಯಾರ್ಥಿಗೆ ಹೇಳಬೇಕು. ವರ್ಷವಿಡೀ ನೀರಿರುವ ಕೆರೆಯಲ್ಲಿ ಮೀನುಗಳಿರುತ್ತವೆ, ಅವು ಮೊಟ್ಟೆಯನ್ನೂ ಗೊದಮೊಟ್ಟೆಯನ್ನೂ ತಿನ್ನುತ್ತವೆ. ಮಳೆಗೆ ತುಂಬಿದ ಗುಂಡಿಯಲ್ಲಿ ಮೀನಿಲ್ಲ, ಆದರೆ ಆ ನೀರಿಗೆ ಆಯುಸ್ಸೂ ಇಲ್ಲ. ಕಪ್ಪೆ ಮೀನಿನಿಂದ ತಪ್ಪಿಸಿಕೊಂಡು ಬಿಸಿಲಿನ ಕೈಗೆ ಸಿಕ್ಕಂತಾಯಿತು. ಗುಂಡಿ ಬತ್ತುವ ಮೊದಲು ಮರಿ ಹೊರಬರಬೇಕಾದ್ದರಿಂದ, ಮೊದಲ ಮಳೆಗೇ ಮೊಟ್ಟೆಯಿಟ್ಟವರ ಸಂತಾನಕ್ಕೆ ಹೆಚ್ಚು ದಿನ ಸಿಗುತ್ತದೆ.

ಹಿರಿಯರು: ಹೌದು, ಅದಕ್ಕಾಗಿಯೇ ಸಂಖ್ಯೆ. ನೆಲಗಪ್ಪೆ ಉದ್ದನೆಯ ಲೋಳೆಯ ಹುರಿಗಳಲ್ಲಿ ಸಾವಿರಗಟ್ಟಲೆ ಕರಿಯ ಮೊಟ್ಟೆಗಳನ್ನು ಸಾಲಾಗಿ ಇಡುತ್ತದೆ. ಅವುಗಳಲ್ಲಿ ಬಹುಪಾಲು ಸಾಯುವವೇ. ತಾಯಿಯೂ ತಂದೆಯೂ ಹಿಂದಿರುಗಿ ನೋಡುವುದಿಲ್ಲ. ಇಂಥ ಮೊಟ್ಟೆಯನ್ನು ಹತ್ತಿರದಿಂದ ನೋಡಿದರೆ ಅದರ ಒಂದು ಅರ್ಧ ಕಪ್ಪು, ಇನ್ನೊಂದು ಅರ್ಧ ಮಸುಕು ಬಿಳಿ. ನೀರು ತಾಗಿದ ಕೂಡಲೇ ಲೋಳೆ ಉಬ್ಬುತ್ತದೆ, ನಿಷೇಚನಗೊಂಡ ಮೊಟ್ಟೆ ಒಳಗೇ ಹೊರಳಿ ಕಪ್ಪು ಭಾಗವನ್ನು ಮೇಲಕ್ಕೆ ತಂದುಕೊಳ್ಳುತ್ತದೆ. ಭಾರವಾದ ಬಿಳಿ ಭಾಗದಲ್ಲಿ ಭ್ರೂಣಕ್ಕೆ ಬೇಕಾದ ಭಂಡಾರ, ಅಂದರೆ ಆಹಾರದ ಸಂಗ್ರಹವಿರುತ್ತದೆ. ಕಪ್ಪು ವರ್ಣಕ ಬಿಸಿಲಿನ ಶಾಖವನ್ನು ಹೀರುವುದಲ್ಲದೆ ಅತಿನೇರಳೆ ಕಿರಣಗಳಿಂದಲೂ ಭ್ರೂಣವನ್ನು ಕಾಯುತ್ತದೆ. ಪಾಲಕರಿಲ್ಲದ ಮೊಟ್ಟೆ ಎಂದಮಾತ್ರಕ್ಕೆ ಅದು ಅನಾಥವಲ್ಲ. ಪಾಲನೆಯನ್ನು ತಾಯಿ ಅದರೊಳಗೇ ಇಟ್ಟು ಕಳಿಸಿದ್ದಾಳೆ.

ಕಿರಿಯರು: ಪಾಲನೆ ಮೊಟ್ಟೆಯ ಒಳಗಷ್ಟೇ ಇರಬೇಕೆಂದೇನೂ ಇಲ್ಲ. ಉತ್ತರ ಕನ್ನಡದ ಸಿದ್ದಾಪುರ ಸೀಮೆಯ ಕತ್ತಲೆಕಾನಿನಲ್ಲಿ ರಾಮಪತ್ರೆಯ ಜಡ್ಡಿಗಳಿವೆ. ಜಡ್ಡಿ ಎಂದರೆ ಮರದ ಬೇರುಗಳ ನಡುವೆ ಸದಾ ನೀರು ಜಿನುಗುವ, ನೆಲ ಜೌಗಾಗಿರುವ ಕಾಡು. ಅಲ್ಲಿಯ ತೊರೆಗಳಲ್ಲಿರುವ ಕುಂಬಾರ ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಜಾತಿಯಾಗಿ ವಿವರಿಸಿದರು. ಕೂಟದ ಹೊತ್ತಿನಲ್ಲಿ ಈ ಕಪ್ಪೆಗಳು ಮುಂಗಾಲುಗಳ ಮೇಲೆ ತಲೆಕೆಳಗಾಗಿ ನಿಲ್ಲುತ್ತವೆ, ಮೊಟ್ಟೆಗಳು ನೀರಿನಿಂದ ಮೇಲಿರುವ ಕಡ್ಡಿಗೋ ಬಂಡೆಗೋ ಅಂಟುತ್ತವೆ, ಹೆಣ್ಣು ಹೊರಟುಹೋಗುತ್ತದೆ. ಆಮೇಲೆ ಗಂಡು ತೊರೆಯ ತಳದಿಂದ ಮುಂಗೈಯಲ್ಲಿ ಕೆಸರನ್ನು ಎತ್ತಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಒಂದು ಸಲವಲ್ಲ, ಮೊಟ್ಟೆಗಳು ಮುಚ್ಚುವವರೆಗೆ. ಕೆಸರಿನ ಹೊದಿಕೆ ಮೊಟ್ಟೆಯನ್ನು ಒಣಗದಂತೆಯೂ ಶತ್ರುಗಳ ಕಣ್ಣಿಗೆ ಬೀಳದಂತೆಯೂ ಕಾಪಾಡುತ್ತಿರಬಹುದೆಂದು ಊಹಿಸಲಾಗಿದೆ.

ಹಿರಿಯರು: ಊಹಿಸಲಾಗಿದೆ ಎಂಬಲ್ಲಿಯೇ ಎಚ್ಚರ ಬೇಕು. ಕಪ್ಪೆ ಕೆಸರು ಮೆತ್ತುವುದು ಕಣ್ಣಿಗೆ ಕಂಡ ಸಂಗತಿ. ಅದು ಮರಿಗಳನ್ನು ಉಳಿಸುತ್ತದೆ ಎಂಬುದು ತೀರ್ಮಾನ. ಗಂಡು ಮೊಟ್ಟೆಯ ಬಳಿ ಕೂತಿತೆಂದರೆ ಕಾವಲು ಕೂತಿದೆ ಎಂದು ಮನುಷ್ಯನ ಮನಸ್ಸು ತಟ್ಟನೆ ಹೇಳಿಬಿಡುತ್ತದೆ. ಅದು ಮತ್ತೊಂದು ಹೆಣ್ಣಿಗಾಗಿ ಅಲ್ಲೇ ಕಾಯುತ್ತಿರಬಹುದು, ಅಥವಾ ಅದಕ್ಕೆ ಅಡಗಲು ಆ ಜಾಗವೇ ಅನುಕೂಲವಾಗಿರಬಹುದು.

ಕಿರಿಯರು: ಆ ಎಚ್ಚರಿಕೆಗೆ ಉತ್ತರ ಕೊಡುವ ಪ್ರಯೋಗವೂ ನಡೆದಿದೆ. ತಮಿಳುನಾಡಿನ ಕಳಕ್ಕಾಡು ಮುಂಡಂತುರೈ ಹುಲಿ ಸಂರಕ್ಷಿತ ಪ್ರದೇಶದಲ್ಲಿ ವಾಟೆಬಿದಿರಿನ ಗೆಣ್ಣುಗಳ ನಡುವಿನ ಟೊಳ್ಳಿನೊಳಗೆ ಮೊಟ್ಟೆಯಿಡುವ ಒಂದು ಪೊದೆಗಪ್ಪೆ ಇದೆ, ಅದರ ಹೆಸರು ರಾವೋರ್ಕೆಸ್ಟಿಸ್ ಚಾಲಜೋಡೆಸ್. ಬಿದಿರಿನ ಗೋಡೆಯಲ್ಲಿರುವ ಕಿರಿದಾದ ಸೀಳಿನಿಂದ ಕಪ್ಪೆ ಮೈಯನ್ನು ಹಿಂಡಿಕೊಂಡು ಒಳಗೆ ಹೋಗುತ್ತದೆ. ಕೆಲವೇ ಮೊಟ್ಟೆಗಳು ಒಳಗೋಡೆಗೆ ಅಂಟಿಕೊಂಡಿರುತ್ತವೆ, ಗಂಡು ಅಲ್ಲಿಯೇ ಉಳಿಯುತ್ತದೆ. ಕೆ.ಎಸ್. ಶೇಷಾದ್ರಿ ಮತ್ತು ಅವರ ಸಹೋದ್ಯೋಗಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಟೊಳ್ಳುಗಳಿಂದ ಗಂಡನ್ನು ತೆಗೆದು ನೋಡಿದರು. ಗಂಡಿಲ್ಲದ ಕಡೆ ಮೊಟ್ಟೆಗಳ ಸಾವು ಹೆಚ್ಚಿತು. ಮೊಟ್ಟೆಗಳನ್ನು ತಿಂದವರಲ್ಲಿ ಅದೇ ಜಾತಿಯ ಬೇರೆ ಗಂಡುಗಳೇ ಮುಖ್ಯರಾಗಿದ್ದರು. ಇಲ್ಲಿ ಕಾವಲು ಎಂಬುದು ಭಾವುಕತೆಯಲ್ಲ. ಗಂಡನ್ನು ತೆಗೆದರೆ ಏನಾಗುತ್ತದೆಂದು ಎಣಿಸಿ ನೋಡಿದ ಫಲಿತಾಂಶ.

ಹಿರಿಯರು: ಆ ಪ್ರಯೋಗದ ಮುಂದೆ ತಲೆಬಾಗಲೇಬೇಕು. ಆದರೂ ಅದು ಒಂದು ಜಾತಿಯ ಬಗ್ಗೆ ಹೇಳಿದ ಮಾತು; ಕುಂಬಾರ ಕಪ್ಪೆಯ ಕೆಸರಿಗೂ ಅದನ್ನೇ ಅನ್ವಯಿಸಲಾಗದು. ಪ್ರತಿ ಕಪ್ಪೆಗೂ ಅದರದೇ ಪ್ರಯೋಗ ಬೇಕು.

ಕಿರಿಯರು: ಪ್ರತಿ ಕಪ್ಪೆಗೂ ಅದರದೇ ಪ್ರಯೋಗ ಬೇಕು ಎಂದ ಮೇಲೆ, ಎಲ್ಲ ಕಪ್ಪೆಗಳಿಗೂ ಒಂದೇ ಚಕ್ರ ಸಾಕು ಎಂಬ ವಾದ ತಾನಾಗಿಯೇ ಸಡಿಲವಾಗುತ್ತದೆ. ಈ ಪೊದೆಗಪ್ಪೆಯ ಕುಲದಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆ ದೊಡ್ಡದು, ಭಂಡಾರ ಧಾರಾಳ. ಬೆಳವಣಿಗೆಯೆಲ್ಲ ಲೋಳೆಯ ಒಳಗೇ ಮುಗಿದು ನಾಲ್ಕು ಕಾಲಿನ ಪುಟ್ಟ ಕಪ್ಪೆಯೇ ಮೊಟ್ಟೆಯೊಡೆದು ಬರುತ್ತದೆ. ಇದನ್ನು ನೇರ ಬೆಳವಣಿಗೆ ಎನ್ನುತ್ತಾರೆ. ಕೊಡಗಿನಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಮಳೆಗಾಲದ ಸಂಜೆ ಕಾಫಿಗಿಡಗಳ ನಡುವಿನಿಂದ ಟಿಕ್‌ಟಿಕ್ ಎಂದು ಕೇಳಿಬರುವ ಸಣ್ಣ ದನಿಗಳಲ್ಲಿ ಎಷ್ಟೋ ಈ ಕುಲದವು; ಅವಕ್ಕೆ ಬೇಕಾದದ್ದು ಕೆರೆಯಲ್ಲ, ಮರದ ನೆರಳು, ಒದ್ದೆ ಗಾಳಿ, ಒಣಗದ ತರಗೆಲೆ. ಮಲಬಾರಿನ ಹಾರುವ ಕಪ್ಪೆಯದು ಇನ್ನೊಂದು ದಾರಿ: ಹೆಣ್ಣು ತಾನು ಸ್ರವಿಸಿದ ದ್ರವವನ್ನು ಹಿಂಗಾಲುಗಳಿಂದ ಕಡೆದು ನೊರೆಗೂಡು ಮಾಡಿ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ಮೊಟ್ಟೆಗಳನ್ನು ಅಡಗಿಸುತ್ತದೆ; ಹೊರನೊರೆ ಒಣಗಿ ತೊಗಟೆಯಂತಾದರೂ ಒಳಗೆ ತೇವ ಉಳಿದು, ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಜಗತ್ತಿನ ಕಪ್ಪೆಗಳಲ್ಲಿ ಇಂಥ ಸಂತಾನಕ್ರಮಗಳನ್ನು ನಲವತ್ತಕ್ಕೂ ಹೆಚ್ಚು ಬಗೆಗಳಾಗಿ ವಿಂಗಡಿಸಲಾಗಿದೆ.

ಹಿರಿಯರು: ನಲವತ್ತು ಬಗೆಗಳನ್ನು ಕಂಠಪಾಠ ಮಾಡಿಸಿದರೆ ಕಪ್ಪೆ ಅರ್ಥವಾಗುವುದಿಲ್ಲ. ಅವೆಲ್ಲವೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳು: ತೇವ ಎಷ್ಟು ದಿನ ಇರುತ್ತದೆ, ಆ ದಿನಗಳಲ್ಲಿ ಯಾರು ತಿನ್ನಲು ಬರುತ್ತಾರೆ? ಆ ಪ್ರಶ್ನೆಯನ್ನು ಗೊದಮೊಟ್ಟೆಯಲ್ಲಿಯೇ ಚೆನ್ನಾಗಿ ಕಲಿಸಬಹುದು. ಆಸ್ಟ್ರಿಯಾ ಮೂಲದ ಗೂಡರ್ನಾಟ್ಷ್ 1912ರಲ್ಲಿ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯ ಅಂಶವನ್ನು ತಿನ್ನಿಸಿದಾಗ ಅವು ಕಾಲಕ್ಕೆ ಮುಂಚೆಯೇ ಕಪ್ಪೆಗಳಾಗತೊಡಗಿದವು. ರೂಪಾಂತರವನ್ನು ನಡೆಸುವುದು ಆ ಗ್ರಂಥಿಯ ಹಾರ್ಮೋನು ಎಂಬುದು ಹೀಗೆ ತಿಳಿಯಿತು. ಪಾಚಿಯನ್ನು ಕೆರೆದು ತಿನ್ನುವ ಗೊದಮೊಟ್ಟೆಯ ಹೊಟ್ಟೆಯಲ್ಲಿ ಸುರುಳಿ ಸುತ್ತಿದ ಉದ್ದನೆಯ ಕರುಳಿರುತ್ತದೆ, ಚರ್ಮದ ಮೂಲಕವೇ ಅದು ಕಾಣುತ್ತದೆ. ರೂಪಾಂತರದ ದಿನಗಳಲ್ಲಿ ಆ ಕರುಳು ಮೊಟಕಾಗುತ್ತದೆ, ಕೊಂಬಿನಂಥ ಬಾಯಂಚು ಉದುರಿ ಅಗಲ ಬಾಯಿ ಮೂಡುತ್ತದೆ, ಕಿವಿರು ಹೋಗಿ ಶ್ವಾಸಕೋಶ ಕೆಲಸ ವಹಿಸಿಕೊಳ್ಳುತ್ತದೆ. ಆಗ ಅದು ತಿನ್ನಲಾರದು. ಬಾಲ ಕರಗಿ ಬರುವ ಪೋಷಣೆಯೇ ಅದಕ್ಕೆ ಆಹಾರ. ಗುಂಡಿ ಬತ್ತತೊಡಗಿದರೆ ಹಲವು ಜಾತಿಗಳ ಗೊದಮೊಟ್ಟೆಗಳಲ್ಲಿ ಒತ್ತಡದ ಹಾರ್ಮೋನುಗಳು ಏರಿ ಈ ಬದಲಾವಣೆ ಬೇಗ ಮುಗಿಯುತ್ತದೆ, ಮರಿ ಸಣ್ಣದಾಗಿಯಾದರೂ ಜೀವಂತ ಹೊರಬರುತ್ತದೆ. ಇದು ಸಾಮಾನ್ಯ ಗುಂಡಿಯ ವಿಜ್ಞಾನ. ಯಾವ ವೈಚಿತ್ರ್ಯಕ್ಕೂ ಕಡಿಮೆಯಲ್ಲ.

ಕಿರಿಯರು: ಅದನ್ನು ಒಪ್ಪಲೇಬೇಕು, ಗುಂಡಿಯ ಕಪ್ಪೆ ಸರಳ, ಕಾಡಿನ ಕಪ್ಪೆ ಸಂಕೀರ್ಣ ಎಂಬ ಭೇದ ನಿಲ್ಲುವುದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ ಮತ್ತು ಅವರ ಸಹೋದ್ಯೋಗಿಗಳು ನೆಲಗಪ್ಪೆಯ ಗೊದಮೊಟ್ಟೆಗಳು ಒಡಹುಟ್ಟಿದವನ್ನು ಪರಕೀಯರಿಂದ ಬೇರ್ಪಡಿಸಿ ಗುರುತಿಸಬಲ್ಲವೆಂದು ತೋರಿಸಿದ್ದೂ ಇಂಥ ಸಾಮಾನ್ಯ ಕಪ್ಪೆಯಲ್ಲಿಯೇ. ಆದರೆ ಉಳಿಸುವ ಪ್ರಶ್ನೆ ಬಂದಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಹೆಣ್ಣು ತನ್ನ ಮೊಟ್ಟೆಗಳನ್ನು ನುಂಗಿ, ಜಠರದ ಆಮ್ಲವನ್ನು ತಡೆದು, ಅದರೊಳಗೇ ಮರಿಗಳನ್ನು ಬೆಳೆಸಿ ಬಾಯಿಯ ಮೂಲಕ ಹೊರಬಿಡುವ ಎರಡು ಜಾತಿಯ ಕಪ್ಪೆಗಳಿದ್ದವು. ಮೊದಲನೆಯದನ್ನು ವಿಜ್ಞಾನ 1973ರಲ್ಲಿ ವಿವರಿಸಿತು. 1980ರ ದಶಕದ ಮಧ್ಯಭಾಗದ ಹೊತ್ತಿಗೆ ಎರಡೂ ಕಾಣದಾದವು. ಅವುಗಳೊಡನೆ ಜಠರವನ್ನೇ ಗರ್ಭವಾಗಿಸಿಕೊಳ್ಳುವ ಕ್ರಮವೂ ಭೂಮಿಯಿಂದ ಹೋಯಿತು. ಒಂದು ತೊರೆಯ ನೆರಳಿಗೆ, ಒಂದು ಬಗೆಯ ಬಿದಿರಿಗೆ ಕಟ್ಟಿಕೊಂಡ ಕಪ್ಪೆಯ ಸ್ಥಿತಿ ಅದು.

ಹಿರಿಯರು: ಹೇರಳವಾಗಿರುವುದೂ ಅಭಯವಲ್ಲ. ಗೋಂಕರುಕಪ್ಪೆಯ ಕಾಲುಗಳನ್ನು ಭಾರತ ದೊಡ್ಡ ಪ್ರಮಾಣದಲ್ಲಿ ರಫ್ತು ಮಾಡುತ್ತಿತ್ತು. 1987ರಲ್ಲಿ ಆ ರಫ್ತನ್ನು ನಿಷೇಧಿಸಬೇಕಾಗಿ ಬಂತು. ಈಗ ಊರಿನ ಗುಂಡಿಗಳನ್ನು ಮುಚ್ಚಿ ಕಾಂಕ್ರೀಟು ಹಾಕಲಾಗುತ್ತಿದೆ, ಗದ್ದೆಯ ಬದುವಿನ ಪುಟ್ಟ ಹೊಂಡಗಳು ಸಮತಟ್ಟಾಗುತ್ತಿವೆ, ಸೊಳ್ಳೆ ನಿಯಂತ್ರಣಕ್ಕೆಂದು ನೀರಿಗೆ ಬಿಡುವ ಗ್ಯಾಂಬೂಸಿಯಾ ಮೀನು ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಅರಣ್ಯಕ್ಕೆ ಕಾನೂನಿನ ಬೇಲಿಯಾದರೂ ಇದೆ. ಮೂರು ತಿಂಗಳು ಮಾತ್ರ ನೀರಿರುವ ತಗ್ಗಿಗೆ ಯಾವ ದಾಖಲೆಯಲ್ಲಿಯೂ ಹೆಸರಿಲ್ಲ.

ಕಿರಿಯರು: ಅರಣ್ಯದ ಬೇಲಿ ತೊರೆಯನ್ನು ಕಾಯುತ್ತದೆಂದು ನಂಬುವುದೂ ಕಷ್ಟ. ಮೇಲ್ಭಾಗದಲ್ಲಿ ನೀರನ್ನು ತಿರುಗಿಸಿದರೆ, ದಂಡೆಯ ಮರಗಳನ್ನು ಕಡಿದು ಬಿಸಿಲು ಬಿದ್ದರೆ, ಕಾಡು ನಕ್ಷೆಯಲ್ಲಿ ಹಾಗೇ ಇದ್ದರೂ ನೀರಿನ ಮೇಲಿನ ಎಲೆಯಲ್ಲಿಟ್ಟ ಮೊಟ್ಟೆ ಒಣಗುತ್ತದೆ. 2023ರ ಜಾಗತಿಕ ಮೌಲ್ಯಮಾಪನದ ಪ್ರಕಾರ ಉಭಯವಾಸಿಗಳಲ್ಲಿ ಸುಮಾರು ಶೇ. 41ರಷ್ಟು ಜಾತಿಗಳು ಅಳಿವಿನ ಅಪಾಯದಲ್ಲಿವೆ. ಯಾವುದನ್ನು ಮೊದಲು ನೋಡಬೇಕು ಎಂಬ ಆಯ್ಕೆ ತಪ್ಪಿದ್ದಲ್ಲ, ಮತ್ತು ಬೇರೆಲ್ಲಿಯೂ ಇಲ್ಲದ ಜಾತಿಗೆ ಮೊದಲ ಹಕ್ಕು.

ಹಿರಿಯರು: ಬೇರೆಲ್ಲಿಯೂ ಇಲ್ಲದ್ದಕ್ಕೆ ಮೊದಲ ಹಕ್ಕು ಎನ್ನುವಾಗ, ಎಲ್ಲೆಲ್ಲಿಯೂ ಇರುವುದು ಸದ್ದಿಲ್ಲದೆ ಖಾಲಿಯಾದರೆ ಅದನ್ನು ಗಮನಿಸುವವರು ಯಾರು? ಗದ್ದೆಯ ಕೀಟವನ್ನು ತಿನ್ನುವುದು, ಹಾವಿಗೂ ಕೊಕ್ಕರೆಗೂ ಆಹಾರವಾಗುವುದು ಈ ಹೇರಳ ಕಪ್ಪೆಗಳೇ. ಮಳೆಗಾಲದ ರಾತ್ರಿ ವಟಗುಟ್ಟುವ ಸದ್ದು ಕೇಳಿದರೆ ಜನ ಕಪ್ಪೆಗಳು ಚೆನ್ನಾಗಿವೆ ಎಂದುಕೊಳ್ಳುತ್ತಾರೆ. ಕೂಗುವುದು ಗಂಡುಗಳು, ಹಲವು ವರ್ಷ ಬದುಕುವ ಅವು ಗುಂಡಿಯಿಂದ ಒಂದು ಮರಿಯೂ ಹೊರಬರದ ವರ್ಷಗಳಲ್ಲಿಯೂ ಕೂಗುತ್ತಲೇ ಇರುತ್ತವೆ. ಕೂಗು ಸಂತಾನದ ಆರಂಭವಷ್ಟೆ, ಫಲವಲ್ಲ.

ಕಿರಿಯರು: ಆ ಮಾತು ಕಾಡಿನ ಅಧ್ಯಯನಗಳಿಗೂ ಸಲ್ಲುತ್ತದೆ. ಧ್ವನಿಮುದ್ರಣದಿಂದ ಜಾತಿಗಳನ್ನು ಗುರುತಿಸುವುದು ಸುಲಭವಾದ್ದರಿಂದ ಎಷ್ಟೋ ಸಮೀಕ್ಷೆಗಳು ಅಲ್ಲಿಗೇ ನಿಲ್ಲುತ್ತವೆ. ಕುಂಬಾರ ಕಪ್ಪೆ ಕೂಗಿತೆಂದು ಬರೆದುಕೊಂಡರೆ ಸಾಲದು. ಕೆಸರು ಮೆತ್ತಿದ ಮೊಟ್ಟೆಗಳಲ್ಲಿ ಎಷ್ಟು ಒಡೆದವು, ಎಷ್ಟು ಗೊದಮೊಟ್ಟೆಗಳು ತೊರೆಯಲ್ಲಿ ಉಳಿದು ದಡ ಹತ್ತಿದವು ಎಂಬವರೆಗೆ ಹೋಗಬೇಕು. ಅದು ನಿಧಾನದ, ಶ್ರಮದ ಕೆಲಸ. ಅಂಥ ಕೆಲಸಕ್ಕೆ ಇರುವ ಕೈಗಳು ಕೆಲವೇ ಆಗಿರುವುದರಿಂದಲೇ ಅವನ್ನು ಮೊದಲು ಜಡ್ಡಿಗೆ ಕಳುಹಿಸಬೇಕೆಂಬ ಹಟ.

ಹಿರಿಯರು: ಊರಿನ ಗುಂಡಿಗೆ ತಜ್ಞರ ಕೈಗಳೇ ಬೇಕಿಲ್ಲ. ಶಾಲೆಯ ಮಕ್ಕಳು ಮಳೆ ಬಿದ್ದ ದಿನವನ್ನೂ, ಮೊಟ್ಟೆ ಕಂಡ ದಿನವನ್ನೂ, ಗೊದಮೊಟ್ಟೆಗೆ ಹಿಂಗಾಲು ಮೂಡಿದ ದಿನವನ್ನೂ, ಗುಂಡಿ ಬತ್ತಿದ ದಿನವನ್ನೂ ಬರೆದಿಟ್ಟರೆ ಅದೇ ಒಂದು ದಾಖಲೆ. ಆ ಮಕ್ಕಳಿಗೆ ಹಳೆಯ ಚಕ್ರದ ಚಿತ್ರ ಬೇಕಾಗುವುದು ಅಲ್ಲಿಯೇ. ಏನು ನಡೆಯಬೇಕಿತ್ತೆಂದು ಗೊತ್ತಿದ್ದವರಿಗಷ್ಟೇ ಏನು ನಡೆಯಲಿಲ್ಲವೆಂಬುದು ಕಾಣುತ್ತದೆ.

ಕಿರಿಯರು: ಆ ಚಿತ್ರದ ಪಕ್ಕದಲ್ಲಿಯೇ ಕಾಫಿತೋಟದ ಪೊದೆಗಪ್ಪೆಯ ಚಿತ್ರವೂ ಇರಲಿ. ಇಲ್ಲದಿದ್ದರೆ ತೋಟದಲ್ಲಿ ಬೆಳೆದ ಮಗು ನೀರಿನಲ್ಲಿ ಗೊದಮೊಟ್ಟೆ ಹುಡುಕಿ, ಕಾಣದೆ, ಇಲ್ಲಿ ಕಪ್ಪೆಗೆ ಸಂತಾನವೇ ಆಗುತ್ತಿಲ್ಲವೆಂದು ಬರೆದೀತು.

ಹಿರಿಯರು ಇದನ್ನು ಒಪ್ಪಿದರು, ಆದರೆ ಎರಡು ಚಿತ್ರಗಳಿಗಿಂತ ಹೆಚ್ಚು ಬೇಡವೆಂದರು. ಯಾವ ಊರಿನ ಶಾಲೆಗೆ ಯಾವ ಚಿತ್ರವೆಂಬುದನ್ನು ಆ ಊರಿನ ನೀರೇ ತೀರ್ಮಾನಿಸಬೇಕೆಂಬುದು ಕಿರಿಯರ ಉತ್ತರವಾಗಿತ್ತು. ತಜ್ಞರ ಶ್ರಮ ಮೊದಲು ಜಡ್ಡಿಗೋ ಗುಂಡಿಗೋ ಎಂಬುದರಲ್ಲಿ ಇಬ್ಬರೂ ತಮ್ಮ ನಿಲುವನ್ನು ಬಿಡಲಿಲ್ಲ, ಮತ್ತು ಎರಡೂ ನಿಲುವುಗಳ ಹಿಂದೆ ನಿಜವಾದ ನಷ್ಟದ ಭಯವಿದೆ. ಇಬ್ಬರಿಗೂ ಸಮಾನವಾದದ್ದು ಲೆಕ್ಕದ ರೀತಿ: ಒಂದು ಜಾಗದಲ್ಲಿ ಕಪ್ಪೆಗಳು ಉಳಿದಿವೆಯೇ ಎಂಬುದನ್ನು ಕೂಗಿದ ಗಂಡುಗಳಿಂದಲ್ಲ, ತೇವ ಆರುವ ಮೊದಲು ಹೊರಬಂದ ಮರಿಗಳಿಂದ ಎಣಿಸಬೇಕು, ಆ ತೇವ ಗುಂಡಿಯದಾಗಿರಲಿ, ತೊರೆಯ ಬದಿಯ ಕೆಸರಿನದಾಗಿರಲಿ, ಬಿದಿರಿನ ಟೊಳ್ಳಿನದಾಗಿರಲಿ.